ಲೆಕ್ಕಕ್ಕೆ ಸಿಗದವರನ್ನು ನೋಡಲು ಕಲಿಸಿದವರಿಗೆ

ಸಮಾಜಶಾಸ್ತ್ರ ಮತ್ತು ಅಪರಾಧಶಾಸ್ತ್ರವನ್ನು ಮುಖ್ಯ ವಿಷಯಗಳನ್ನಾಗಿ ಆರಿಸಿಕೊಂಡು ಓದಿದ ನನ್ನ ಪದವಿ ವ್ಯಾಸಂಗ ಪೂರ್ಣಗೊಂಡಿದೆ. ಫಲಿತಾಂಶ ತಿಳಿದು ಅಭಿನಂದಿಸಿದವರಿಗೆಲ್ಲ ಉತ್ತರ ಬರೆಯುತ್ತಿದ್ದಾಗ, ನಾನು ಸಲ್ಲಿಸಬೇಕಾದ ಕೃತಜ್ಞತೆ ಎರಡು ಸಾಲಿನಲ್ಲಿ ಮುಗಿಯುವಂಥದ್ದಲ್ಲ ಎನಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ನಮಗೆ ಅಪರಾಧಶಾಸ್ತ್ರದ ಆರಂಭದ ಪಾಠಗಳನ್ನು ಹೇಳಿದ ಅಧ್ಯಾಪಕಿಗೆ. ಅಪರಾಧಿ ಎಂಥವನು ಎಂಬ ಕುತೂಹಲದಿಂದ ತರಗತಿಗೆ ಬಂದಿದ್ದ ನಮಗೆ ಅವರು ಆ ಕುತೂಹಲದ ಚರಿತ್ರೆಯನ್ನೇ ಪಾಠವಾಗಿಸಿದರು. ಇಟಲಿಯ ವೈದ್ಯ ಚೆಸಾರೆ ಲೊಂಬ್ರೋಸೊ 1876ರಲ್ಲಿ ದವಡೆ, ಕಿವಿ, ತಲೆಬುರುಡೆಗಳ ರೂಪದಲ್ಲಿ ಅಪರಾಧಿಯ ಗುರುತುಗಳನ್ನು ಹುಡುಕಿದ್ದನ್ನೂ, 1913ರಲ್ಲಿ ಸೆರೆಮನೆಯ ವೈದ್ಯ ಚಾರ್ಲ್ಸ್ ಗೋರಿಂಗ್ ಇಂಗ್ಲೆಂಡಿನ ಸುಮಾರು 3,000 ಕೈದಿಗಳ ಅಳತೆಗಳನ್ನು ಕೈದಿಗಳಲ್ಲದವರ ಅಳತೆಗಳೊಂದಿಗೆ ಹೋಲಿಸಿ, ಅಂಥ ಪ್ರತ್ಯೇಕ ದೈಹಿಕ ಮಾದರಿಯೇ ಇಲ್ಲವೆಂದು ತೋರಿಸಿದ್ದನ್ನೂ ಅವರು ಒಂದರ ಪಕ್ಕ ಒಂದನ್ನು ಇಟ್ಟು ವಿವರಿಸಿದರು. ಬಳಿಕ ಅಮೆರಿಕದ ಸಮಾಜಶಾಸ್ತ್ರಜ್ಞ ಎಡ್ವಿನ್ ಸದರ್‌ಲ್ಯಾಂಡ್ ಅವರ 1939ರ ಭಾಷಣಕ್ಕೆ ಬಂದರು. ಬಡತನವೇ ಅಪರಾಧದ ಮೂಲವೆಂದು ಹೇಳುತ್ತಿದ್ದವರು ಸೆರೆಮನೆ ಸೇರಿದವರನ್ನು ಮಾತ್ರ ನೋಡಿದ್ದರು, ಉನ್ನತ ಹುದ್ದೆಯಲ್ಲಿದ್ದುಕೊಂಡು ವ್ಯವಹಾರದಲ್ಲಿ ಮೋಸ ಮಾಡುವವರು ಆ ಲೆಕ್ಕಕ್ಕೆ ಬಂದೇ ಇರಲಿಲ್ಲ ಎಂಬುದು ಸದರ್‌ಲ್ಯಾಂಡ್ ಎತ್ತಿದ ಆಕ್ಷೇಪ. ಯಾವ ಸಿದ್ಧಾಂತವನ್ನು ಓದಿದರೂ, ಇಲ್ಲಿ ಯಾರನ್ನು ಎಣಿಸಿದ್ದಾರೆ, ಯಾರನ್ನು ಬಿಟ್ಟಿದ್ದಾರೆ ಎಂದು ಪುಟದ ಅಂಚಿನಲ್ಲಿ ಬರೆದುಕೊಳ್ಳಬೇಕೆಂದು ಆ ಅಧ್ಯಾಪಕಿ ಹಾಕಿಕೊಟ್ಟ ರೂಢಿಯನ್ನು ನಾನು ಕೊನೆಯ ಪರೀಕ್ಷೆಯವರೆಗೂ ಬಿಡಲಿಲ್ಲ. ನನ್ನ ಇಡೀ ಓದಿಗೆ ಬೆನ್ನೆಲುಬಾದದ್ದು ಅದೇ.

ಅದೇ ಪ್ರಶ್ನೆಯನ್ನು ಅಂಕಿಅಂಶಗಳ ಮುಂದಿಡಲು ಕಲಿಸಿದವರು ಸಂಶೋಧನಾ ವಿಧಾನಗಳ ಪಾಠ ಹೇಳಿದ ಸರ್. ಒಂದು ಕೃತ್ಯ ಅಪರಾಧದ ಪಟ್ಟಿಯಲ್ಲಿ ಒಂದು ಸಂಖ್ಯೆಯಾಗಬೇಕಾದರೆ ಯಾರಾದರೂ ಅದನ್ನು ಅಪರಾಧವೆಂದು ಗುರುತಿಸಬೇಕು, ದೂರು ಕೊಡುವ ಧೈರ್ಯ ಮಾಡಬೇಕು, ದೂರು ಪಡೆದ ಪೊಲೀಸರು ಅದನ್ನು ದಾಖಲಿಸಬೇಕು. ಈ ಪ್ರತಿಯೊಂದು ಹಂತದಲ್ಲಿಯೂ ಎಷ್ಟೋ ಘಟನೆಗಳು ಹಿಂದೆಯೇ ಉಳಿಯುತ್ತವೆ. ಆದ್ದರಿಂದಲೇ ಅಮೆರಿಕ 1970ರ ದಶಕದಲ್ಲಿ, ಬ್ರಿಟನ್ 1982ರಲ್ಲಿ, ಪೊಲೀಸ್ ದಾಖಲೆಗಳನ್ನಷ್ಟೇ ನೆಚ್ಚಿಕೊಳ್ಳದೆ ನೀವು ಅಪರಾಧಕ್ಕೆ ಗುರಿಯಾಗಿದ್ದೀರಾ ಎಂದು ಜನರನ್ನೇ ನೇರವಾಗಿ ಕೇಳುವ ಸಮೀಕ್ಷೆಗಳನ್ನು ಆರಂಭಿಸಿದವು. ಒಂದು ಊರಿನಲ್ಲಿ ಲೈಂಗಿಕ ದೌರ್ಜನ್ಯದ ದಾಖಲಾದ ಪ್ರಕರಣಗಳು ಏರಿವೆ ಎಂಬ ಸುದ್ದಿಯನ್ನು ಓದಿದಾಗ, ಕೃತ್ಯಗಳೇ ಹೆಚ್ಚಿವೆಯೋ ಅಥವಾ ದೂರು ಕೊಡಬಹುದೆಂಬ ನಂಬಿಕೆ ಹೆಚ್ಚಿದೆಯೋ ಎಂದು ಕೇಳದೆ ಮುಂದೆ ಹೋಗಲು ಇಂದು ನನಗೆ ಸಾಧ್ಯವಾಗುವುದಿಲ್ಲ. ಅಂಕಗಳಿಗಿಂತ ಎಷ್ಟೋ ಪಾಲು ಬೆಲೆಯುಳ್ಳದ್ದನ್ನು ಸರ್ ನನಗೆ ಕೊಟ್ಟರು.

ಓದಿನ ಅತ್ಯಂತ ಕಷ್ಟದ ದಿನಗಳು ಬಂದದ್ದು ಅಂತಿಮ ವರ್ಷದ ಪ್ರಬಂಧಕ್ಕಾಗಿ ಸಂತ್ರಸ್ತರ ಹೇಳಿಕೆಗಳನ್ನು ಓದುತ್ತಿದ್ದಾಗ. ಹಿಂಸೆಯ ವಿವರಗಳು ಹಗಲಿನಲ್ಲಿ ಟಿಪ್ಪಣಿಗಳಾಗಿದ್ದು, ರಾತ್ರಿ ನಿದ್ದೆಯನ್ನು ಕಸಿದುಕೊಳ್ಳತೊಡಗಿದವು; ಒಂದು ಹಂತದಲ್ಲಿ ವಿಷಯವನ್ನೇ ಬದಲಿಸಿಕೊಳ್ಳಲು ನಿರ್ಧರಿಸಿದ್ದೆ. ನನ್ನ ಮಾರ್ಗದರ್ಶಕರು ಅದನ್ನು ದೌರ್ಬಲ್ಯವೆಂದು ನೋಡಲಿಲ್ಲ. ಇಂಥ ಸಾಮಗ್ರಿಯೊಂದಿಗೆ ಕೆಲಸ ಮಾಡುವವರಿಗೆ ಈ ಆಯಾಸ ಸಹಜವೆಂದು ತಿಳಿಸಿ, ಸಂಜೆಯ ನಂತರ ಹೇಳಿಕೆಗಳನ್ನು ಓದಬಾರದೆಂದು ನಿಯಮ ಮಾಡಿದರು. ಓದಿದ್ದನ್ನು ಅದೇ ದಿನ ತಮ್ಮೊಂದಿಗೋ ಆಪ್ತಸಮಾಲೋಚಕರೊಂದಿಗೋ ಮಾತನಾಡಿಯೇ ಮನೆಗೆ ಹೋಗಬೇಕೆಂದರು. ಆ ವಾರಗಳಲ್ಲಿ ಏನನ್ನೂ ಕೇಳದೆ ನನ್ನ ಜೊತೆ ನಡೆದುಬಂದ ಗೆಳತಿಯರನ್ನು, ತಮ್ಮ ಓದನ್ನು ಬದಿಗಿಟ್ಟು ನನ್ನ ಕರಡನ್ನು ತಿದ್ದಿದ ಸಹಪಾಠಿಗಳನ್ನು ನೆನೆಯದೆ ಈ ಪದವಿಯನ್ನು ನನ್ನದೆಂದು ಹೇಳಿಕೊಳ್ಳಲಾರೆ.

ಗ್ರಂಥಾಲಯದ ಸಿಬ್ಬಂದಿಗೆ ಹೇಳಬೇಕಾದದ್ದೂ ಇದೆ. ಅಮೆರಿಕದ ಅಪರಾಧಶಾಸ್ತ್ರಜ್ಞರಾದ ಶೆಲ್ಡನ್ ಮತ್ತು ಎಲಿನರ್ ಗ್ಲೂಕ್ ದಂಪತಿ ಬಾಲಾಪರಾಧಿಗಳಾಗಿದ್ದ 500 ಹುಡುಗರನ್ನೂ ಹಾಗಲ್ಲದ 500 ಹುಡುಗರನ್ನೂ ವರ್ಷಗಟ್ಟಲೆ ಹಿಂಬಾಲಿಸಿ ಸಂಗ್ರಹಿಸಿದ್ದ ಕಡತಗಳು ಹಾರ್ವರ್ಡ್ ಕಾನೂನು ಶಾಲೆಯ ಗ್ರಂಥಾಲಯದ ನೆಲಮಾಳಿಗೆಯಲ್ಲಿ ದಶಕಗಳ ಬಳಿಕ ಮತ್ತೆ ಸಂಶೋಧಕರ ಕೈ ಸೇರಿದವು. ಸಂಶೋಧಕರಾದ ರಾಬರ್ಟ್ ಸ್ಯಾಂಪ್ಸನ್ ಮತ್ತು ಜಾನ್ ಲಾಬ್ ಆ ಕಡತಗಳಿಂದಲೇ, ಸ್ಥಿರವಾದ ಉದ್ಯೋಗ ಮತ್ತು ಗಟ್ಟಿಯಾದ ದಾಂಪತ್ಯ ಹಿಂದೆ ತಪ್ಪುದಾರಿಯಲ್ಲಿದ್ದವರನ್ನೂ ಅಪರಾಧದಿಂದ ದೂರ ಸರಿಸಬಲ್ಲವು ಎಂಬುದನ್ನು 1993ರ ಹೊತ್ತಿಗೆ ತೋರಿಸಿಕೊಟ್ಟರು. ಯಾರೋ ಆ ಪೆಟ್ಟಿಗೆಗಳನ್ನು ಎಸೆಯದೆ ಇಟ್ಟುಕೊಂಡಿದ್ದರು ಎಂಬುದೇ ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಹಳೆಯ ವರದಿಗಳನ್ನು ಬೇಸರಿಸದೆ ಹುಡುಕಿಕೊಟ್ಟ ನಮ್ಮ ಗ್ರಂಥಪಾಲಕರ ಬಗ್ಗೆಯೂ ನನಗೆ ಇರುವುದು ಅದೇ ಗೌರವ.

ಅಪರಾಧಕ್ಕೆ ಕಾರಣ ಹುಡುಕುವುದೆಂದರೆ ಅಪರಾಧಿಯ ಪರ ವಹಿಸುವುದಲ್ಲವೇ ಎಂದು ಅಪ್ಪ ಆರಂಭದಲ್ಲಿ ಕೇಳುತ್ತಿದ್ದರು. ಕಾರಣ ತಿಳಿಯದೆ ತಡೆಯುವುದು ಹೇಗೆ ಎಂಬ ನನ್ನ ಉತ್ತರವನ್ನು ಅವರು ಪೂರ್ತಿ ಒಪ್ಪದಿದ್ದರೂ ಶುಲ್ಕ ಕಟ್ಟುವುದನ್ನು ಒಮ್ಮೆಯೂ ತಡಮಾಡಲಿಲ್ಲ. ಅಮ್ಮ ನನ್ನ ಪ್ರಬಂಧದ ಮುನ್ನುಡಿಯನ್ನು ಓದಿದ ಮೊದಲಿಗರು.

ಕೊನೆಯದಾಗಿ, ಕ್ಷೇತ್ರಕಾರ್ಯದ ವೇಳೆ ನನ್ನೊಂದಿಗೆ ಮಾತನಾಡಿದವರಿಗೆ. ಶಿಕ್ಷೆ ಮುಗಿಸಿ ಹೊರಬಂದ ಮೇಲೂ ಕೆಲಸ ಕೊಡುವವರ ಮುಂದೆ ಪ್ರತಿ ಬಾರಿ ಮತ್ತೆ ವಿಚಾರಣೆಗೆ ಒಳಗಾಗುವವರು ಅವರಲ್ಲಿದ್ದರು. ತಮಗಾದ ಅನ್ಯಾಯವನ್ನು ಎಲ್ಲಿಯೂ ದೂರಾಗಿ ಕೊಡದೆ, ಮೊದಲ ಬಾರಿಗೆ ಒಬ್ಬ ವಿದ್ಯಾರ್ಥಿನಿಯ ಮುಂದೆ ಹೇಳಿಕೊಂಡವರೂ ಇದ್ದರು. ಕೊಟ್ಟ ಮಾತಿನಂತೆ ಅವರ ಹೆಸರುಗಳು ಪ್ರಬಂಧದಲ್ಲಿ ಇಲ್ಲ, ಇಲ್ಲಿಯೂ ಇರುವುದಿಲ್ಲ. ತಮ್ಮ ಮಾತು ಹೇಗೆ ಅಚ್ಚಾಗಿದೆ ಎಂದು ನೋಡಬೇಕೆಂದು ಕೆಲವರು ಕೇಳಿದ್ದರು. ಸ್ನಾತಕೋತ್ತರ ತರಗತಿಗಳು ಆರಂಭವಾಗುವ ಮೊದಲೇ ಪ್ರತಿಗಳನ್ನು ನಾನೇ ಹೋಗಿ ಅವರ ಕೈಗೆ ಕೊಡುತ್ತೇನೆ. ಓದಿ ಹೇಳಬೇಕೆಂದು ಬಯಸಿದವರಿಗೆ ಕುಳಿತು ಓದಿಯೂ ಹೇಳುತ್ತೇನೆ.