ಅಕ್ಕಿ ಕೊಟ್ಟೋರು

ಪ್ರೀತಿಯ ಹಾಫ್ ಟಿಕೆಟ್ಟೇ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ‘ಮೀಟಿಂಗಲ್ಲಿದೀನಿ ಮಾರಾಯ’ ಅನ್ನುತ್ತೀಯ. ಅದಕ್ಕೇ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ. ನಾಲ್ಕು ಜನ ‘ನಿನ್ನ ಹೆಸರಲ್ಲಿ ಏನೋ ಬರೆದಿದಾನಲ್ಲೋ’ ಅಂದರೆ ನೀನು ಓದಿಯೇ ಓದುತ್ತೀಯ, ನಿನ್ನ ಬುದ್ಧಿ ನನಗೆ ಗೊತ್ತಿಲ್ವಾ? ಕೊಡೆಯ ವಿಷಯ ಎತ್ತುವುದಿಲ್ಲ ಅಂತ ಮಾತು ಕೊಟ್ಟಿದ್ದೆ. ಎತ್ತುವುದಿಲ್ಲ.

ಇಲ್ಲಿ ಮಳೆ ಹಿಡಿದು ಹನ್ನೊಂದು ದಿನ ಆಯಿತು. ಹೊಸನಗರದ ಕಡೆಯ ಮಳೆ ನಿನಗೆ ಹೊಸದಲ್ಲ. ಡಬ್ಬಿಯೊಳಗಿನ ಹಲಸಿನ ಹಪ್ಪಳ ಸಹ ಮೆತ್ತಗಾಗಿದೆ. ಅಡಿಕೆ ತೋಟಕ್ಕೆ ಮೊದಲನೇ ಔಷಧಿ ಹೊಡೆಸಿ ಆಗಿದೆ. ಈ ಔಷಧಿ ಹೊಡೆಯುವ ಮಾತು ಆಮೇಲೆ ಬರುತ್ತದೆ, ಮರೆಯಬೇಡ.

ಹೋದ ವಾರ ಪಂಪ್‌ಸೆಟ್ಟಿನ ಸಾಮಾನು ತರಲು ಶಿವಮೊಗ್ಗಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಒಬ್ಬ ಉದ್ದನೆ ಹುಡುಗ ಬಂದು ಎದುರಿಗೆ ನಿಂತ. ಬೆನ್ನಿಗೆ ಬ್ಯಾಗು, ಮೂಗಿನ ಕೆಳಗೆ ಈಗಷ್ಟೇ ಮೂಡಿದ ಮೀಸೆ. ‘ನೀವು ಅಕ್ಕಿ ಕೊಟ್ಟೋರಲ್ವಾ?’ ಅಂದ.

ಗುರುತು ಸಿಗಲು ಒಂದು ನಿಮಿಷ ಬೇಕಾಯಿತು. ಮರ ಹತ್ತಿ ಅಡಿಕೆ ಕೊನೆ ಇಳಿಸುತ್ತಿದ್ದ ನಮ್ಮ ಕೊನೆಗಾರನ ಮಗ.

ಆವತ್ತಿನಿಂದ ಆ ಮಾತು ಹಲ್ಲಿನ ಸಂದಿಗೆ ಸಿಕ್ಕಿದ ಅಡಿಕೆ ಚೂರಿನ ಹಾಗೆ ಕೂತಿದೆ. ಆ ಹುಡುಗ ಮರ್ಯಾದೆಯಿಂದಲೇ ಹೇಳಿದ, ಖುಷಿಯಿಂದಲೇ ಹೇಳಿದ. ತೊಂದರೆ ಇರುವುದೇ ಅಲ್ಲಿ.

2021ರ ಮೇ ನೆನಪು ಮಾಡಿಕೋ. ಅದರ ಹಿಂದಿನ ವರ್ಷ ನಮ್ಮ ಜಿಲ್ಲೆ ಮೇ ಎರಡನೇ ವಾರದ ತನಕ ಒಂದೂ ಕೊರೊನಾ ಕೇಸಿಲ್ಲದೆ ಹಸಿರು ವಲಯದಲ್ಲಿತ್ತು. ನಮಗೆ ಆ ಜಂಬ ಬೇರೆ. ಮಂಗನ ಕಾಯಿಲೆ ಕಂಡ ಜನ ನಾವು, 1957ರಲ್ಲಿ ನಮ್ಮ ಸೊರಬದ ಕ್ಯಾಸನೂರಿನಲ್ಲೇ ಅದು ಗೊತ್ತಾದದ್ದು, ಇದೇನು ಮಹಾ ಅಂತ ಕಟ್ಟೆ ಮೇಲೆ ಕೂತು ಮಾತಾಡಿದ್ದೇ ಮಾತಾಡಿದ್ದು. ಎರಡನೇ ಅಲೆ ಆ ಕಟ್ಟೆಯನ್ನೇ ಖಾಲಿ ಮಾಡಿತು. ಮೇ 10ಕ್ಕೆ ಲಾಕ್‌ಡೌನ್. ಕೂಲಿ ನಿಂತಿತು, ಬಸ್ಸು ನಿಂತಿತು, ಸಂತೆ ನಿಂತಿತು.

ನೀನು ಬೆಂಗಳೂರಿನಿಂದ ಐದು ಸಾವಿರ ಕಳಿಸಿದೆ. ಇನ್ನೂ ಏಳೆಂಟು ಜನ ಕಳಿಸಿದರು. 43 ಮನೆಗೆ ಕಿಟ್ ಮಾಡಿದೆವು. ಹತ್ತು ಕೆಜಿ ಅಕ್ಕಿ, ಒಂದು ಕೆಜಿ ತೊಗರಿಬೇಳೆ, ಎಣ್ಣೆ, ಉಪ್ಪು, ಖಾರದ ಪುಡಿ, ಎರಡು ಸೋಪು. ರೇಷನ್ ಅಕ್ಕಿ ಬರುತ್ತಿತ್ತು ನಿಜ, ಆದರೆ ಬರೀ ಅಕ್ಕಿ ಬೇಯಿಸಿ ಎಷ್ಟು ದಿನ ತಿನ್ನುತ್ತಾರೆ? ಹೆಣ್ಣುಮಕ್ಕಳಿಗೆ ಪ್ಯಾಡು ಬೇಕು ಅಂತ ಒಬ್ಬ ಗಂಡಸಿಗೂ ಹೊಳೆದಿರಲಿಲ್ಲ. ಆಶಾ ಕಾರ್ಯಕರ್ತೆ ಹೇಳಿದ ಮೇಲೆ ಎರಡನೇ ಸುತ್ತಿಗೆ ಸೇರಿಸಿದೆವು.

ಆ ಪಟ್ಟಿಯಲ್ಲಿ ಕೊನೆಗಾರನ ಮನೆಯೂ ಇತ್ತು. ಹದಿನೈದು ವರ್ಷ ನಮ್ಮ ತೋಟದಲ್ಲಿ ಕೊನೆ ಇಳಿಸಿದವನು. ಯಾವ ಮರ ಟೊಳ್ಳು, ಯಾವುದು ಗಾಳಿಗೆ ಬಾಗುತ್ತದೆ ಅನ್ನುವುದು ನನಗಿಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಮೇ ಮೂರನೇ ವಾರ ಅವನು ಹೋದ. ಒಂಬತ್ತು ದಿನಕ್ಕೆ ಅವನ ಹೆಂಡತಿಯೂ ಹೋದಳು.

ಅವನು ಹೋದ ಅಂತ ಫೋನ್ ಬಂದಾಗ ನನಗೆ ಮೊದಲು ಏನು ಹೊಳೆಯಿತು ಗೊತ್ತಾ? ಈ ವರ್ಷ ಔಷಧಿ ಯಾರು ಹೊಡೆಯುತ್ತಾರೆ ಅಂತ. ಮಳೆಗೆ ಮುಂಚೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯದಿದ್ದರೆ ಅಡಿಕೆಗೆ ಕೊಳೆ ರೋಗ ಬರುತ್ತದೆ, ಇಡೀ ಫಸಲು ಉದುರುತ್ತದೆ. ಮಲೆನಾಡಿನಲ್ಲಿ ತೋಟ ಇರುವ ಯಾರನ್ನಾದರೂ ಕೇಳು, ಆ ಯೋಚನೆ ಬರುತ್ತದೆ. ಬಂದು ಎಷ್ಟು ಹೊತ್ತು ಕೂರುತ್ತದೆ ಅನ್ನುವುದರಲ್ಲಿ ಮಾತ್ರ ಮನುಷ್ಯರಿಗೆ ವ್ಯತ್ಯಾಸ. ನನ್ನಲ್ಲಿ ಸುಮಾರು ಹೊತ್ತೇ ಕೂತಿತ್ತು.

ಮನೆಯಲ್ಲಿ ಉಳಿದದ್ದು ಇಬ್ಬರು. ಹುಡುಗ ಆರನೇ ಕ್ಲಾಸು ಮುಗಿಸಿದ್ದ. ತಂಗಿಗೆ ಏಳು ವರ್ಷ. ಸಾಗರದ ಕಡೆ ಒಬ್ಬಳು ಅಜ್ಜಿ, ಅವಳೇ ಹಾಸಿಗೆ ಹಿಡಿದಿದ್ದಳು.

ಆಗ ವಾಟ್ಸಾಪಿನಲ್ಲಿ ಹರಿದಾಡುತ್ತಿದ್ದ ಮೆಸೇಜುಗಳು ನೆನಪಿವೆಯಾ? ‘ತಂದೆ ತಾಯಿ ಕಳೆದುಕೊಂಡ ಮಗು, ದತ್ತು ಬೇಕಾದವರು ಈ ನಂಬರಿಗೆ ಫೋನ್ ಮಾಡಿ’ ಅಂತ. ನಾನೂ ಒಂದನ್ನು ಇನ್ನೂರು ಜನರ ಗುಂಪಿಗೆ ತಳ್ಳಿದ್ದೆ. ನೀನು ಅದಕ್ಕೆ ಕೈಮುಗಿಯುವ ಚಿತ್ರ ಹಾಕಿದ್ದೆ, ನನ್ನೊಬ್ಬನ ತಲೆಗೇ ಕಟ್ಟಬೇಡ. ಆಶಾ ಕಾರ್ಯಕರ್ತೆ ಮಾತ್ರ ಮೆಸೇಜು ಗಿಸೇಜು ಅನ್ನದೆ ಸೀದಾ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದಳು. ನಾಲ್ಕು ದಿನದಲ್ಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಿಂದ ಒಬ್ಬ ಮೇಡಂ ಬಂದರು. ಎರಡು ಮಾಸ್ಕು, ಮಳೆಗೆ ನೆನೆದ ಫೈಲು. ನಾನು ಉತ್ಸಾಹದಿಂದ ಆ ಮೆಸೇಜು ತೋರಿಸಿದೆ. ‘ಇದು ಅಪರಾಧ ಅಂತ ಗೊತ್ತಾ ನಿಮಗೆ? ಮಕ್ಕಳನ್ನು ಹೀಗೆ ಕೈ ಬದಲಾಯಿಸೋ ಹಾಗಿಲ್ಲ’ ಅಂದರು. ಅಷ್ಟು ಮೆತ್ತಗೆ ಯಾರೂ ನನಗೆ ಬೈದಿಲ್ಲ.

ದತ್ತು ಬೇರೆ, ಸಾಕುವುದು ಬೇರೆ ಅಂತ ನನಗೆ ತಿಳಿದದ್ದೇ ಅವತ್ತು. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಪೋಷಕ ಕುಟುಂಬ ಅಂತ ಇದೆ. ಸಂಬಂಧಿಕರೇ ಆಗಬೇಕಿಲ್ಲ. ಮನೆ ನೋಡಿ, ಮನೆಯವರ ಜೊತೆ ಮಾತಾಡಿ ವರದಿ ಬರೆಯುತ್ತಾರೆ. ಮಕ್ಕಳ ಕಲ್ಯಾಣ ಸಮಿತಿ ಆದೇಶ ಕೊಡುತ್ತದೆ. ಆಮೇಲೂ ಬಂದು ನೋಡುತ್ತಾ ಇರುತ್ತಾರೆ. ಕೊರೊನಾ ಕಾಲದಲ್ಲಿ ಫೋನಿನಲ್ಲಾದರೂ ವಿಚಾರಿಸುತ್ತಿರಬೇಕು ಅಂತ ಇತ್ತು. ಸುಪ್ರೀಂ ಕೋರ್ಟ್ 2020ರ ಏಪ್ರಿಲ್ 3ರಂದು ಕೊಟ್ಟ ಆದೇಶದಲ್ಲಿ ಬಾಲಮಂದಿರದ ಮಕ್ಕಳ ಜೊತೆಗೆ ಇಂಥ ಮಕ್ಕಳ ಮಾತೂ ಇದೆಯಂತೆ. ಕೊರೊನಾದಿಂದ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಮಗುವಿಗೆ ತಿಂಗಳಿಗೆ 3,500 ರೂಪಾಯಿ ಕೊಡುವ ಬಾಲ ಸೇವಾ ಯೋಜನೆಯನ್ನು ಆಗಿನ ಮುಖ್ಯಮಂತ್ರಿಗಳು ಮೇ 29ರಂದು ಹೇಳಿದ್ದರಲ್ಲ, ಅದನ್ನೂ ಮೇಡಂ ವಿವರಿಸಿದರು. ನಾನು ತಲೆ ಆಡಿಸುತ್ತಾ ಇದ್ದೆ.

ಆಮೇಲೆ ಕೇಳಿದರು. ‘ಊರಲ್ಲಿ ಎಲ್ಲರೂ ನಿಮ್ಮ ಹೆಸರು ಹೇಳ್ತಾರೆ. ದೊಡ್ಡ ಮನೆ. ಮಕ್ಕಳಿಗೂ ನಿಮ್ಮ ಗುರುತಿದೆ. ಸ್ವಲ್ಪ ಕಾಲ ನೀವು ನೋಡಿಕೊಳ್ಳೋಕೆ ಆಗುತ್ತಾ?’

ಹಾಫ್ ಟಿಕೆಟ್ಟೇ, ನಾನು ಎಷ್ಟು ಚೆನ್ನಾಗಿ ಮಾತಾಡಿದೆ ಅಂದರೆ ನೀನಿದ್ದಿದ್ದರೆ ಚಪ್ಪಾಳೆ ತಟ್ಟುತ್ತಿದ್ದೆ. ನಮ್ಮ ಅಜ್ಜನ ಕಾಲದಲ್ಲಿ ದೊಡ್ಡ ಮನೆಗಳಲ್ಲಿ ‘ಒಬ್ಬ ಹುಡುಗನ್ನ ಇಟ್ಕೊಳ್ಳೋದು’ ಅಂತ ಇತ್ತಲ್ಲ. ಊಟ, ಬಟ್ಟೆ ಕೊಡುವುದು, ಬೆಳಗಿನಿಂದ ಸಂಜೆ ತನಕ ದನ ಕಾಯಿಸುವುದು. ಹೆಸರು ಮಾತ್ರ ಸಾಕುಮಗ. ಅದನ್ನು ಹೇಳಿದೆ. ‘ಊರವರು ಈಗಲೇ ದನ ಕಾಯೋಕೆ ಆಗ್ತಾನೆ ಬಿಡಿ ಅಂತಿದಾರೆ ಮೇಡಂ. ಅಂಥ ಅನ್ಯಾಯಕ್ಕೆ ನಾನು ದಾರಿ ಮಾಡಿಕೊಡಬಾರದು’ ಅಂದೆ. ಒಳ್ಳೆಯ ಮಾತು, ಸತ್ಯವಾದ ಮಾತು. ಅದನ್ನೇ ಕೊಡೆ ಮಾಡಿಕೊಂಡು ಅಡಿಯಲ್ಲಿ ನಿಂತುಬಿಟ್ಟೆ.

(ಕೊಡೆ ಅಂತ ಬಂತು. ಬೇಕಂತ ಬರೆದದ್ದಲ್ಲ.)

ಮಕ್ಕಳು ಹೋದದ್ದು ಪಕ್ಕದ ಕೇರಿಯ ಅಂಗನವಾಡಿ ಸಹಾಯಕಿಯ ಮನೆಗೆ. ಎರಡು ಕೋಣೆ, ಒಂದು ಹಸು. ಗಂಡ ಗಾರೆ ಕೆಲಸ ಮಾಡುತ್ತಾನೆ, ಆಗ ಕೆಲಸವೇ ಇರಲಿಲ್ಲ. ‘ಇಬ್ಬರೂ ಬರಲಿ’ ಅಂದಳಂತೆ, ಅಷ್ಟೇ. ಭಾಷಣ ಏನೂ ಇಲ್ಲ. ಕಾಗದ ಪತ್ರದ ಓಡಾಟ ಮಾತ್ರ ಸುಮಾರಾಯಿತು. ತಾಯಿಯ ಪಾಸಿಟಿವ್ ರಿಪೋರ್ಟ್ ಇತ್ತು. ತಂದೆಯದು ಕೈಗೆ ಬರುವ ಮೊದಲೇ ಅವನು ಹೋಗಿದ್ದ. ರಿಪೋರ್ಟ್ ಇಲ್ಲದ ಸಾವನ್ನು ಯಾವ ಸಾವು ಅಂತ ಬರೆಯಬೇಕು ಅನ್ನುವುದೇ ಒಂದು ದೊಡ್ಡ ಪ್ರಶ್ನೆ. ನಾನು ಜೆರಾಕ್ಸ್ ಮಾಡಿಸಿಕೊಟ್ಟೆ. ಎರಡು ಸೆಟ್.

ಇನ್ನೊಂದು ಸೇವೆಯೂ ಮಾಡಿದ್ದೇನೆ, ಅದನ್ನೂ ಬರೆದುಬಿಡುತ್ತೇನೆ. ಅವರ ಮನೆಯಲ್ಲಿದ್ದದ್ದು ಬಟನ್ ಫೋನು. ಮೇಡಂ ವಿಡಿಯೊ ಕಾಲ್ ಮಾಡುವ ದಿನ ನನ್ನ ಫೋನು ಕೊಡುತ್ತಿದ್ದೆ. ಸಿಗ್ನಲ್ಲಿಗೆ ಗುಡ್ಡ ಹತ್ತಬೇಕು, ಆ ಗೇರುಮರದ ಹತ್ತಿರ. ಊರ ಮಕ್ಕಳೆಲ್ಲ ಆನ್‌ಲೈನ್ ಪಾಠಕ್ಕೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಕೂರುತ್ತಿದ್ದದ್ದೂ ಅಲ್ಲೇ. ಸಹಾಯಕಿ, ಇಬ್ಬರು ಮಕ್ಕಳು, ಹಿಂದೆ ಫೋನಿನ ಯಜಮಾನ ನಾನು. ‘ಊಟ ಮಾಡಿದ್ಯಾ ಪುಟ್ಟಾ? ರಾತ್ರಿ ನಿದ್ದೆ ಬರುತ್ತಾ?’ ಅಂತ ಮೇಡಂ ಕೇಳಿದರು. ‘ಲೈಟ್ ಆರಿಸದಿದ್ರೆ ಬರುತ್ತೆ’ ಅಂದಳು ಆ ಹುಡುಗಿ. ಸಹಾಯಕಿ ಪಕ್ಕದಿಂದ, ‘ಆರಿಸಲ್ಲ ಮೇಡಂ’ ಅಂದಳು. ಆ ಮನೆಗೆ ಕರೆಂಟ್ ಬಿಲ್ಲು ಹೊರೆ ಅಂತ ನನಗೆ ಗೊತ್ತಿತ್ತು. ನಾನು ಬ್ಯಾಟರಿ ಎಷ್ಟು ಪರ್ಸೆಂಟ್ ಇದೆ ಅಂತ ನೋಡುತ್ತಿದ್ದೆ.

ಬಸ್ ಸ್ಟ್ಯಾಂಡಿಗೆ ವಾಪಸ್ ಬರೋಣ. ಹುಡುಗ ಈಗ ಸೆಕೆಂಡ್ ಪಿಯುಸಿ. ಟೀ ಕುಡಿದೆವು. ದುಡ್ಡು ಅವನೇ ಕೊಟ್ಟ, ನಾನು ಪರ್ಸು ತೆಗೆಯುವುದರೊಳಗೆ ಮೊಬೈಲು ತೋರಿಸಿ ಮುಗಿಸಿದ. ‘ಅಮ್ಮ ನಿಮ್ಮನ್ನ ಕೇಳ್ತಿರ್ತಾರೆ’ ಅಂದ. ಒಂದು ಕ್ಷಣ ನನ್ನ ಎದೆ ಝಲ್ ಅಂದಿತು. ಸತ್ತವಳು ಹೇಗೆ ಕೇಳುತ್ತಾಳೆ? ಆಮೇಲೆ ಹೊಳೆಯಿತು. ಸಹಾಯಕಿ.

ತಂಗಿಯನ್ನು ದತ್ತು ತೆಗೆದುಕೊಳ್ಳುವ ಯೋಚನೆ ಇದೆಯಂತೆ ಮನೆಯಲ್ಲಿ. ‘ಮೊದಲು ಐದು ವರ್ಷ ಸಾಕಿರಬೇಕಿತ್ತು, 2024ರಲ್ಲಿ ಎರಡು ವರ್ಷಕ್ಕೆ ಇಳಿಸಿದ್ದಾರೆ’ ಅಂತ ಅವನೇ ವಿವರಿಸಿದ. ಮದುವೆ ಆಗದವರೂ ಈಗ ಮಕ್ಕಳನ್ನು ಸಾಕಬಹುದಂತೆ. ನಿನ್ನನ್ನು ನೆನಪಿಸಿಕೊಂಡು ಒಳಗೇ ನಕ್ಕೆ. ಮೀಟಿಂಗಿನ ಮಧ್ಯೆ ಮಗುವಿಗೆ ಗಂಜಿ ಕಾಯಿಸುವ ನೀನು!

ಇಷ್ಟಕ್ಕೇ ನಿಲ್ಲಿಸಬೇಕು ಅಂತ ಕೂತವನು ನಾನು. ಕಿಟ್ಟಿನ ಕಥೆ, ಹುಡುಗ ಟೀ ಕುಡಿಸಿದ ಕಥೆ, ಮುಗಿಯಿತು. ಓದಿದವರು ‘ಎಷ್ಟು ಪ್ರಾಮಾಣಿಕ ಮನುಷ್ಯ’ ಅನ್ನುತ್ತಿದ್ದರು. ಆದರೆ ಮೇಲೆ ಒಂದು ವಿಷಯ ಹಾರಿಸಿಬಿಟ್ಟಿದ್ದೇನೆ.

ಮೇಡಂ ಎದ್ದು ಬಾಗಿಲ ತನಕ ಹೋಗಿದ್ದರು. ನಾನು ಹಿಂದಿನಿಂದ ಕರೆದು, ‘ಹುಡುಗನೊಬ್ಬನಾದ್ರೆ ನೋಡೋಣ ಮೇಡಂ’ ಅಂದೆ.

ಅವರು ಏನೂ ಹೇಳಲಿಲ್ಲ. ಚಪ್ಪಲಿ ಹಾಕಿಕೊಳ್ಳುತ್ತಾ, ‘ಅಣ್ಣ ತಂಗೀನ ಬೇರೆ ಮಾಡೋದು ಬೇಡ ಅಲ್ವಾ?’ ಅಂದರು, ಅಷ್ಟೇ.

ಹುಡುಗನೊಬ್ಬ ಯಾಕೆ? ಐದು ವರ್ಷದಿಂದ ಈ ಪ್ರಶ್ನೆಯ ಸುತ್ತ ತಿರುಗಿ ತಿರುಗಿ ಬರುತ್ತಿದ್ದೇನೆ. ಹೆಣ್ಣುಮಗುವಿನ ಜವಾಬ್ದಾರಿ ಜಾಸ್ತಿ ಅಂತ ಆಗ ನನಗೆ ನಾನೇ ಹೇಳಿಕೊಂಡೆ. ಆದರೆ ಅವನು ಕೊನೆಗಾರನ ಮಗ. ತೆಳ್ಳಗೆ, ಚುರುಕು. ನಾಲ್ಕೈದು ವರ್ಷಕ್ಕೆ ಮರ ಹತ್ತುತ್ತಾನೆ ಅನ್ನುವ ಲೆಕ್ಕ ಒಳಗೆಲ್ಲೋ ಇತ್ತಾ? ಇರಲಿಲ್ಲ ಅಂತ ಆಣೆ ಹಾಕಲಾರೆ. ಹತ್ತು ನಿಮಿಷದ ಹಿಂದೆ ಅಜ್ಜನ ಕಾಲದ ಅನ್ಯಾಯದ ಬಗ್ಗೆ ಅಷ್ಟು ಚೆಂದ ಮಾತಾಡಿದವನೂ ನಾನೇ.

ಮೇಡಂ ಹೋದ ಮೇಲೆ ಒಳಗೆ ಹೋದೆ. ನನ್ನವಳು ಬಚ್ಚಲೊಲೆಯ ಮೇಲಿನ ತಂತಿಗೆ ಎರಡು ದಿಂಬು ಒಣಗಲು ಹಾಕಿದ್ದಳು. ನನ್ನನ್ನು ನೋಡಿ, ಏನೂ ಕೇಳದೆ, ತೆಗೆದು ಮಡಿಚಿಟ್ಟಳು. ಮಡಿಚಲು ಬರದ ವಸ್ತು ದಿಂಬು. ಆದರೂ ಮಡಿಚಿದಳು.

ಸರಿ, ಸಾಕು. ಮಳೆಗಾಲದಲ್ಲಿ ನನಗೆ ಹೀಗೇ ಆಗುತ್ತದೆ, ನಿನಗೆ ಗೊತ್ತಲ್ಲ. ಆಗುಂಬೆ ಬಸ್ಸಿನ ಕೋಳಿಯ ದಿನವೂ ಹೀಗೇ ಗಂಟೆಗಟ್ಟಲೆ ಕೊರೆದಿದ್ದೆ.

ಹಾಂ, ನಮಗೆಲ್ಲ ‘ಕೊರೊನಾ ವಾರಿಯರ್’ ಅಂತ ಶಾಲು ಹೊದಿಸಿ ಸರ್ಟಿಫಿಕೇಟ್ ಕೊಟ್ಟಿದ್ದರಲ್ಲ, ಲ್ಯಾಮಿನೇಷನ್ ಮಾಡಿಸಿ ಗಡಿಯಾರದ ಪಕ್ಕ ನೇತು ಹಾಕಿದ್ದೆ. ಬಸ್ ಸ್ಟ್ಯಾಂಡಿನಿಂದ ಬಂದ ರಾತ್ರಿ ಅದನ್ನು ತೆಗೆದೆ. ಹಿಂದೆ ಗೋಡೆಯ ಮೇಲೆ ಚೌಕಾಕಾರದ ಬಿಳಿ ಗುರುತು. ಸುತ್ತಲೂ ಹೊಗೆ, ಬೂಸ್ಟು. ಅದು ಸರ್ಟಿಫಿಕೇಟಿಗಿಂತ ಜಾಸ್ತಿ ಎದ್ದು ಕಾಣುತ್ತಿತ್ತು. ಮತ್ತೆ ಅಲ್ಲೇ ನೇತು ಹಾಕಿದೆ.

ದಸರಾ ರಜೆಗೆ ಬಾ. ಬರುವಾಗ ನನ್ನ ಕೊಡೆ ತಾ.

ಇಂತಿ ನಿನ್ನ,
ಫುಲ್ ಟಿಕೆಟ್ಟು