ಚೀಟಿ ಕೂಡಿಟ್ಟವರಿಗೆ, ಲೆಕ್ಕ ಬರೆದವರಿಗೆ

ಅಪರೂಪದ ಕಾಯಿಲೆ ಇರುವ ಮಕ್ಕಳ ಆರೈಕೆಗೆ ನಿಜವಾಗಿ ಎಷ್ಟು ತಗಲುತ್ತದೆ, ಅದರಿಂದ ಏನು ದಕ್ಕುತ್ತದೆ ಎಂಬ ಲೆಕ್ಕದ ಕೆಲಸ ಮುಗಿದಿದೆ. ವರದಿಯ ಮೇಲೆ ನಮ್ಮ ಹೆಸರಿರುತ್ತದೆ. ಅಂಕಿ ಕೊಟ್ಟವರು ಬೇರೆಯವರು. ಈ ಬರಹ ಅವರಿಗೆ.

ಮೊದಲು ಡೇ-ಕೇರ್ ವಾರ್ಡಿನ ಸಿಸ್ಟರ್‌ಗಳಿಗೆ. ಔಷಧಿಯ ಖರ್ಚಿಗೆ ಬಿಲ್ ನೋಡಿದರಾಯಿತು ಎನ್ನುವವರೇ ಹೆಚ್ಚು. ಗೋಷೆ ಕಾಯಿಲೆಯನ್ನೇ ನೋಡಿ: ಒಂದು ಕಿಣ್ವದ ಕೊರತೆಯಿಂದ ಕೊಬ್ಬಿನಂಥ ಪದಾರ್ಥ ಗುಲ್ಮ, ಯಕೃತ್ತು, ಮೂಳೆಗಳಲ್ಲಿ ತುಂಬಿಕೊಳ್ಳುವ ಹುಟ್ಟು ಕಾಯಿಲೆ ಅದು. ಆ ಕಿಣ್ವದ ಬದಲಿಗೆ ಕೊಡುವ ಇಮಿಗ್ಲುಸರೇಸ್ ಔಷಧಿ ಕೆಜಿಗೆ 60 ಯೂನಿಟ್‌ನಂತೆ ಎರಡು ವಾರಕ್ಕೊಮ್ಮೆ ಡ್ರಿಪ್ ಎಂದು ಬರೆದಿದ್ದರೆ, 20 ಕೆಜಿ ಮಗುವಿಗೆ ಪ್ರತಿಸಲ 1,200 ಯೂನಿಟ್, ಅಂದರೆ 400 ಯೂನಿಟ್‌ನ ಮೂರು ವಯಲ್ (ಔಷಧಿಯ ಪುಟ್ಟ ಸೀಸೆ). ವರ್ಷಕ್ಕೆ 78. ಮಗು 22 ಕೆಜಿ ಆದಾಗ ಬೇಕಾದದ್ದು 1,320. ನಾಲ್ಕನೇ ವಯಲ್ ತೆರೆಯಲೇಬೇಕು, ಉಳಿದ 280 ಯೂನಿಟ್ ಚೆಲ್ಲಲೇಬೇಕು. ಕೆಡದಂತೆ ಕಾಯುವ ಪದಾರ್ಥ ಅದರಲ್ಲಿಲ್ಲ, ಎತ್ತಿಡುವಂತಿಲ್ಲ. ವರ್ಷಕ್ಕೆ 104 ವಯಲ್! ತೂಕ ಹತ್ತರಲ್ಲೊಂದು ಪಾಲು ಏರಿದರೆ ಖರ್ಚು ಮೂರರಲ್ಲೊಂದು ಪಾಲು ಏರಿತು. ವೈದ್ಯರು ಒಪ್ಪಿದರೆ ಒಮ್ಮೆ ಮೂರು, ಮರುಸಲ ನಾಲ್ಕು ಎಂದು ಕೊಟ್ಟು ತಿಂಗಳ ಡೋಸ್ ಸರಿದೂಗಿಸಬಹುದು. ಆಗ 91 ಸಾಕು. ಇದು ಬಿಲ್ಲಿನಲ್ಲಿ ಕಾಣುವುದಿಲ್ಲ. ಆ ದಿನದ ತೂಕ, ತೆರೆದ ವಯಲ್, ಚೆಲ್ಲಿದ ಯೂನಿಟ್ ಎಂದು ಮೂರು ಕಾಲಂ ತುಂಬಿಕೊಟ್ಟಿದ್ದರಿಂದ ಕಂಡಿತು. 2022ರಿಂದ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಸಿಗುವ ನೆರವಿನ ಮಿತಿ ಒಬ್ಬ ರೋಗಿಗೆ 50 ಲಕ್ಷ ರೂಪಾಯಿ, ಅದೂ ವರ್ಷಕ್ಕಲ್ಲ. ಚೆಲ್ಲಿದ ಯೂನಿಟ್ ಕಳೆಯುವುದೂ ಅದರಲ್ಲೇ.

ಇನ್ನು ತಾಯಂದಿರಿಗೆ, ಅಪ್ಪಂದಿರಿಗೆ, ಎಷ್ಟೋ ಮನೆಗಳಲ್ಲಿ ಅಜ್ಜಿಯರಿಗೆ. ಮೂರು ತಿಂಗಳ ಹಿಂದಿನ ಖರ್ಚು ಕೇಳಿದರೆ ಯಾರಿಗಾದರೂ ನೆನಪಿರುವುದು ಸ್ಕ್ಯಾನ್, ಅಡ್ಮಿಷನ್‌ನಂಥ ದೊಡ್ಡ ಮೊತ್ತ. ಆಟೋ, ಊಟ, ಲಾಡ್ಜು ಮರೆತುಹೋಗಿರುತ್ತವೆ. ಅದಕ್ಕೇ ಅಂದಂದಿನದು ಅಂದೇ ಬರೆಯಿರಿ ಎಂದು ಕೇಳಿಕೊಂಡದ್ದು. 'ಹೊಲಕ್ಕೆ ಆಳು ಹಚ್ಚಿದ್ದು, ಒಂದು ದಿನ' ಎಂಬಂಥ ಸಾಲು ನಮಗೆ ಬಂಗಾರ. ಸ್ವಂತ ಹೊಲದಲ್ಲಿ ದುಡಿಯುವ ತಾಯಿಗೆ ಸಂಬಳದ ಚೀಟಿ ಇರುವುದಿಲ್ಲ. ಅವರ ಬದಲಿಗೆ ಬಂದ ಆಳಿನ ಕೂಲಿಯೇ ಅವರ ದಿನಕ್ಕೆ ಬೆಲೆ ಕಟ್ಟುವ ದಾರಿ. ಆರೈಕೆಯ ಗಂಟೆಗಳಿಂದ, ಅದೇ ವಯಸ್ಸಿನ ಆರೋಗ್ಯವಂತ ಮಗುವಿಗೂ ಬೇಕಾಗುವ ಸಮಯವನ್ನು ಕಳೆದೆವು. ಕೆಲವರಿಗೆ ಬೇಸರವಾಯಿತು, ಆದರೂ ಕಳೆಯದಿದ್ದರೆ ಲೆಕ್ಕ ನಿಲ್ಲುತ್ತಿರಲಿಲ್ಲ. ಸಾಲದ ವಿಷಯವೂ ಹಾಗೆಯೇ: ಅಸಲು ಆಸ್ಪತ್ರೆ ಖರ್ಚಿನಲ್ಲಿ ಒಮ್ಮೆ ಬಂದಾಗಿದೆ, ಕಂತನ್ನೂ ಸೇರಿಸಿದರೆ ಎರಡು ಸಲ ಎಣಿಸಿದಂತೆ. ಒಡವೆ ಅಡ ಇಟ್ಟವರು ಬಡ್ಡಿಯನ್ನು ಬೇರೆ ಬರೆದದ್ದು ಇಲ್ಲಿ ಕೈಹಿಡಿಯಿತು. ದಾನವಾಗಿ ಬಂದ ಔಷಧಿಗೆ ಮನೆಯ ಕಾಲಂನಲ್ಲಿ ಸೊನ್ನೆ, ಸಮಾಜದ ಕಾಲಂನಲ್ಲಿ ಪೂರ್ತಿ ಬೆಲೆ.

ಫಲವನ್ನು ಅಳೆಯುವುದು ಇದಕ್ಕಿಂತ ತ್ರಾಸದ ಕೆಲಸ. ರೋಗಿಯ ಬದುಕಿನ ಗುಣಮಟ್ಟ ಅಳೆಯುವ ಇಕ್ಯೂ-5ಡಿ ಪ್ರಶ್ನಾವಳಿಯಲ್ಲಿ ಐದೇ ವಿಷಯ: ಓಡಾಟ, ಸ್ವಂತ ಆರೈಕೆ, ದಿನದ ಕೆಲಸ, ನೋವು, ಆತಂಕ. ಮೂರು ವರ್ಷದ ಮಗುವಿನ ಬಗ್ಗೆ 'ತಾನೇ ಸ್ನಾನ ಮಾಡುತ್ತದೆಯೇ' ಎಂದು ಕೇಳಿ ಏನು ತಿಳಿಯಬೇಕು? ವರ್ಷಗಟ್ಟಲೆ ನೋಡಿ ರೂಢಿಯಾದ ಮನೆಯವರು 'ಏನೂ ತೊಂದರೆ ಇಲ್ಲ' ಎಂದೇ ಗುರುತು ಹಾಕುತ್ತಾರೆ. ಆದ್ದರಿಂದ ಶಾಲೆ ತಪ್ಪಿದ ದಿನ, ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಗುಲ್ಮದ ಗಾತ್ರ ಇವನ್ನೂ ಜೊತೆಗಿಟ್ಟೆವು. ಹಾಜರಿ ಪುಸ್ತಕ ತೆಗೆದು ತೋರಿಸಿದ ಮೇಷ್ಟ್ರು, ಟೀಚರುಗಳಿಗೆ ವಂದನೆ.

ಔಷಧಾಲಯದವರು ಹಳೆಯ ದರ, ಹೊಸ ದರ ಎರಡನ್ನೂ ಕೊಟ್ಟದ್ದು ಬಹಳ ಉಪಕಾರವಾಯಿತು. ಟೈರೋಸಿನ್ ಎಂಬ ಅಮೈನೋ ಆಮ್ಲವನ್ನು ದೇಹ ಸರಿಯಾಗಿ ಒಡೆಯಲಾರದ ಹುಟ್ಟು ಕಾಯಿಲೆ ಟೈರೋಸಿನೀಮಿಯಾ. ಅದರ ಔಷಧಿ ನಿಟಿಸಿನೋನ್ ಆಮದಾಗುತ್ತಿದ್ದಾಗ ವರ್ಷಕ್ಕೆ ಸುಮಾರು 2.2 ಕೋಟಿ ರೂಪಾಯಿ. ದೇಶದಲ್ಲೇ ತಯಾರಾದ ಮೇಲೆ ಸುಮಾರು 2.5 ಲಕ್ಷ ಎಂದು 2023ರಲ್ಲಿ ಕೇಂದ್ರ ಸರ್ಕಾರ ಹೇಳಿತು. ಕಾಯಿಲೆ ಅದೇ, ಫಲವೂ ಅದೇ. ದರ ಯಾವ ವರ್ಷದ್ದು ಎಂದು ಬರೆಯದ ಲೆಕ್ಕವನ್ನು ನಂಬಬೇಡಿ, ನಮ್ಮದನ್ನೂ ಸೇರಿಸಿ.

ಲೆಕ್ಕದ ಪುಸ್ತಕಗಳ ಪ್ರತಿಯಲ್ಲಿ ಹೆಸರು, ಊರು ಅಳಿಸಿದ್ದೇವೆ. ಮೂಲ ಪುಸ್ತಕ ಅಂಚೆಯಲ್ಲಿ ಮನೆಗೇ ಬರುತ್ತದೆ. ನೆರವಿನ ಅರ್ಜಿಗೆ ಬಿಲ್ಲುಗಳು ಬೇಕಾಗಬಹುದು. ಮೆಷಿನ್‌ನಿಂದ ಬರುವ ನುಣುಪು ಕಾಗದದ ಬಿಲ್ಲು ಕೆಲವೇ ತಿಂಗಳಲ್ಲಿ ಮಾಸುತ್ತದೆ, ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಇನ್ನೂ ಬೇಗ. ಸಿಕ್ಕ ದಿನವೇ ಜೆರಾಕ್ಸ್ ಮಾಡಿಸಿಡಿ.