ಮಾಲಿ ಅಂದರೆ ಅಳೋದೇಕೆ?

ಮಂಡ್ಯ, ಭಾನುವಾರ

ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ತೋಟ, ಪಾರ್ಕುಗಳ ನಕ್ಷೆ ಮಾಡೋ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಓದುತ್ತೀನಿ ಅಂದಿದ್ದಕ್ಕೆ ನಿಮ್ಮಪ್ಪ "ಇಷ್ಟು ಓದಿ ಮಾಲಿ ಆಗ್ತೀಯಾ?" ಅಂದನಂತೆ. ಅವನೂ ಕಬ್ಬಿನ ಗದ್ದೆಯ ಕೆಸರಲ್ಲೇ ಬೆಳೆದವನು, ಮರೆತಿದ್ದಾನೆ. ಅವನ ಮಾತು ಬಿಡು. ನೀನು ಅತ್ತಿದ್ದು ಮಾತ್ರ ನನಗೆ ಸರಿ ಕಾಣಲಿಲ್ಲ.

ಅಮೆರಿಕದಲ್ಲಿ ಬಿಯಾಟ್ರಿಕ್ಸ್ ಫೆರಾಂಡ್ ಅಂತ ಒಬ್ಬಳಿದ್ದಳು. ಅಲ್ಲಿನ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟರ ಸಂಘವನ್ನು 1899ರಲ್ಲಿ ಕಟ್ಟಿದ 11 ಜನರಲ್ಲಿ ಹೆಂಗಸು ಅಂತ ಇದ್ದವಳು ಇವಳೊಬ್ಬಳೇ. ಅಂಥವಳು ತನ್ನನ್ನು ಆರ್ಕಿಟೆಕ್ಟ್ ಅಂದುಕೊಳ್ಳದೆ ಗಾರ್ಡನರ್ ಅಂತಲೇ ಹೇಳಿಕೊಂಡಳು. ಆಗ ಈ ವಿದ್ಯೆ ಕಲಿಯೋಕೆ ಹೆಣ್ಣುಮಕ್ಕಳಿಗೆ ಕಾಲೇಜಿನ ಬಾಗಿಲು ಎಲ್ಲಿ ತೆರೆದಿತ್ತು? ಹಾರ್ವರ್ಡ್‌ನವರು ತಮ್ಮ ವಿನ್ಯಾಸ ಶಾಲೆಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿದ್ದೇ 1942ರಲ್ಲಿ. ಬಿಯಾಟ್ರಿಕ್ಸ್ ಬಾಸ್ಟನ್ನಿನ ಒಂದು ಮರಗಳ ತೋಟದಲ್ಲಿ ಸಾರ್ಜೆಂಟ್ ಎಂಬ ಹಿರಿಯರ ಹಿಂದೆ ಓಡಾಡಿ ಕಲಿತಳು. ನೆಲಕ್ಕೆ ಹೊಂದುವ ಹಾಗೆ ನಕ್ಷೆ ಮಾಡು, ನಕ್ಷೆಗೋಸ್ಕರ ನೆಲವನ್ನು ತಿರುಚಬೇಡ ಅನ್ನೋದು ಅವರು ಹೇಳಿಕೊಟ್ಟ ಪಾಠ.

ಆ ಪಾಠ ನಾನು ಕಲಿತಿದ್ದು ನಷ್ಟ ಮಾಡಿಕೊಂಡು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಲ್ಲೇ ನಾಲೆ ಪಕ್ಕದ ಒಂದು ಪಾರ್ಕಿಗೆ ನಕ್ಷೆ ಹಾಕಿದ್ದೆ. ದಾರಿಯ ಎರಡೂ ಕಡೆ 40 ಸಂಪಿಗೆ ಸಸಿ, ಹಗ್ಗ ಹಿಡಿದಂಥ ಸಾಲು. ಕಳೆ ಕೀಳುತ್ತಿದ್ದ ಅಜ್ಜಿಯೊಬ್ಬರು ಕುಡುಗೋಲು ಕೆಳಗಿಟ್ಟು, "ಆ ಕಡೆ ಬ್ಯಾಡ ಕಣವ್ವ, ಜೌಗು, ನೀರು ನಿಲ್ತದೆ" ಅಂದರು. ನಾನು ನಕ್ಷೆ ನೋಡಿದೆ, ಅವರ ಮುಖ ನೋಡಲಿಲ್ಲ. ಮಳೆಗಾಲ ಮುಗಿಯೋ ಹೊತ್ತಿಗೆ ಒಂದು ಸಾಲು ಪೂರ್ತಿ ಹೋಯಿತು. ಒಂದು ಸಸಿ ಕಿತ್ತು ನೋಡಿದೆ. ಬೇರು ಕಪ್ಪಾಗಿತ್ತು, ಮುಟ್ಟಿದರೆ ಸಿಪ್ಪೆ ಜಾರಿ ಬರುತ್ತಿತ್ತು, ಕೊಳೆತ ವಾಸನೆ. ಆ ವಾಸನೆ ಇವತ್ತಿಗೂ ಮೂಗಲ್ಲಿದೆ.

ಬಿಯಾಟ್ರಿಕ್ಸ್ ಹಾಗಲ್ಲ. ವಾಷಿಂಗ್‌ಟನ್ನಿನ ಡಂಬಾರ್ಟನ್ ಓಕ್ಸ್ ತೋಟದ ಕೆಲಸಕ್ಕೆ 1921ರಲ್ಲಿ ಕೈ ಹಾಕಿದಳು. ಅಲ್ಲಿ ಏನನ್ನಾದರೂ ಕಟ್ಟುವ ಮೊದಲು ಅದೇ ಅಳತೆಯ ಮಾದರಿ ಮಾಡಿಸಿ, ಅದೇ ಜಾಗದಲ್ಲಿ ನಿಲ್ಲಿಸಿ ನೋಡುತ್ತಿದ್ದಳು. 20 ವರ್ಷದ ಮೇಲೆ, ಯಾವ ಗಿಡ ಸತ್ತರೆ ಅಲ್ಲಿ ಏನು ನೆಡಬೇಕು, ಯಾವುದನ್ನು ಎಷ್ಟು ಕತ್ತರಿಸಬೇಕು ಅಂತ ಒಂದು ಪುಸ್ತಕವನ್ನೇ ಬರೆದಿಟ್ಟಳು. ಅವಳ ತೋಟಗಳಿಗಿಂತ ನನಗೆ ಜಾಸ್ತಿ ಹಿಡಿಸಿದ್ದು ಇದೇ. ಉದ್ಘಾಟನೆ ದಿನದ ಫೋಟೋ ನೋಡಿಕೊಂಡು ನಕ್ಷೆ ಹಾಕುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ ಅಲ್ವಾ?

ಇನ್ನು ಇಂಗ್ಲೆಂಡಿನ ಗರ್ಟ್ರೂಡ್ ಜೀಕಿಲ್. ಚಿತ್ರ ಬರೆಯುವವಳು, ಕಣ್ಣು ಮಂಜಾದ ಮೇಲೆ ತೋಟಕ್ಕೆ ಬಂದಳು. ತೋಟದ ಕೆಲಸದಲ್ಲಿ ಸವೆದ ಅವಳ ಬೂಟುಗಳನ್ನೇ ಒಬ್ಬ ಕಲಾವಿದ 1920ರಲ್ಲಿ ಚಿತ್ರವಾಗಿ ಬರೆದ.

ನಮ್ಮ ಕೆಆರ್‌ಎಸ್ ಬೃಂದಾವನದ ಮಾತು ಬಂದರೆ ದಿವಾನ್ ಮಿರ್ಜಾ ಇಸ್ಮಾಯಿಲ್, ಜರ್ಮನಿಯಿಂದ ಬಂದ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಅಂತೀವಿ. ಸರಿಯೇ. ಆದರೆ ಬೆಳಗ್ಗೆ ಬೇಗ ಹೋಗಿ ಯಾವ ತೋಟದಲ್ಲಾದರೂ ನೋಡು, ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವವರು ಯಾರು ಅಂತ. ಅವರ ಪಕ್ಕ ಒಂದು ಗಂಟೆ ಸುಮ್ನೆ ಕೂತುಕೋ. ಕಂಪ್ಯೂಟರ್ ಆಮೇಲೆ ತೆಗೆದರಾಯಿತು.

ದಸರಾ ರಜೆಗೆ ಬಂದಾಗ ಮೈಸೂರಿಗೆ ಹೋಗಿ ಲಿಂಗಾಂಬುಧಿ ಕೆರೆ ಸುತ್ತಿ ಬರೋಣ. ಮುಮ್ಮಡಿ ಕೃಷ್ಣರಾಜ ಒಡೆಯರು ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಲ್ಲಿ 1828ರಲ್ಲಿ ಕಟ್ಟಿಸಿದ ಕೆರೆ ಅದು. ಹಳೇ ಚಪ್ಪಲಿ ಹಾಕಿಕೊಂಡು ಬಾ, ಕೆಸರಿರುತ್ತದೆ. ನಿಮ್ಮಪ್ಪನನ್ನೂ ಕರೆದುಕೊಂಡು ಬಾ.

ನಿನ್ನ ಅತ್ತೆ